ಕರೆಂಟ್ ಬಿಲ್ ಗೊತ್ತಿದ್ದ ಹೆಂಗಸು

ಫಿಲಿಪೀನ್ಸಿನ ನಮ್ಮ ಇಲೋಯಿಲೊ ಊರಿನ ಅಂಗಡಿಗಳಲ್ಲಿ ಬಲ್ಬು ಕೊಂಡರೆ ಉರಿಸಿ ತೋರಿಸಿಯೇ ಕೊಡುತ್ತಾರೆ. ಫ್ಯಾನಾದರೆ ತಿರುಗಿಸಿ ತೋರಿಸುತ್ತಾರೆ. ಮಿಕ್ಕ ಗಿರಾಕಿಗಳು ಒಮ್ಮೆ ಉರಿದರೆ ಸಾಕೆಂದು ಹೊರಡುತ್ತಾರೆ. ನನ್ನ ಅಕ್ಕ ಚೋಲಿಂಗ್ ಮಾತ್ರ, ‘ಆರಿಸು. ಈಗ ಇನ್ನೊಂದು ಸಲ ಹಚ್ಚು’ ಎನ್ನುತ್ತಾಳೆ. ಮೀನಿನ ಕಿವಿರು ಎತ್ತಿ ನೋಡುವುದಷ್ಟೇ ಅಲ್ಲ, ಅದಕ್ಕೆ ಬಣ್ಣ ಬಳಿದಿದ್ದಾರೇನೋ ಎಂದು ಬೆರಳಿನಿಂದ ಉಜ್ಜಿಯೂ ನೋಡುತ್ತಾಳೆ. ಗಿಮರಾಸ್ ದ್ವೀಪಕ್ಕೆ ಹೋಗುವ ದೋಣಿಕಟ್ಟೆಯಲ್ಲಿ ಟಿಕೆಟ್ ನೋಡುವ ಕೆಲಸದಲ್ಲೇ ಅವಳ ಆಯುಷ್ಯ ಕಳೆಯಿತು. ಪಾದ್ರಿಗಳೇ ಬಂದರೂ ಟಿಕೆಟ್ಟನ್ನು ಬೆಳಕಿಗೆ ಹಿಡಿದು ನೋಡಿದವಳು ಅವಳು. ಕೆಲಸ ಬಿಟ್ಟ ಮೇಲೆ ಆ ಕಣ್ಣಿಗೆ ಮನೆಯಲ್ಲಿ ಸಿಕ್ಕಿದ್ದು ಭಾವ ಒಬ್ಬರೇ.

ಭಾವನ ಹೆಸರು ಟಾಕ್ಯೊ. ಮದುವೆಗೆ ಮುಂಚಿನಿಂದಲೂ ಟ್ರೈಸಿಕಲ್, ಅಂದರೆ ಬೈಕಿನ ಪಕ್ಕಕ್ಕೆ ಸೀಟು ಜೋಡಿಸಿದ ಬಾಡಿಗೆ ಗಾಡಿ, ಓಡಿಸುತ್ತಿದ್ದವರು. ಮಾತು ಕಡಿಮೆ, ಶಿಳ್ಳೆ ಜಾಸ್ತಿ. ಅಂಥವರು ಒಂದು ದಿನ ಊಟದ ನಡುವೆ, ‘ಮನೆಗೊಂದು ಅಗ್ಗದ ಲ್ಯಾಪ್‌ಟಾಪ್ ತಗೊಳ್ಳೋಣ’ ಅಂದರಂತೆ. ಅಕ್ಕನ ಕೈಯ ತುತ್ತು ಕೈಯಲ್ಲೇ ನಿಂತಿತಂತೆ. ಮಾರನೆಯ ಬೆಳಿಗ್ಗೆ ನನ್ನ ಅಂಗಡಿಯ ಬೆಂಚಿನ ಮೇಲೆ ಬಂದು ಕೂತಳು.

‘ನೆನಿತಾ, ನಿನ್ನ ಭಾವನಿಗೆ ಯಾರೋ ಗಂಟು ಬಿದ್ದಿದ್ದಾಳೆ ಕಣೇ.’

‘ಆ ಮುಖಕ್ಕಾ?’ ನನಗೆ ನಗು ತಡೆಯಲಾಗಲಿಲ್ಲ.

‘ನಗಬೇಡ. ನಾನೇ ಕಿವಿಯಾರೆ ಕೇಳಿದೀನಿ. ಫೋನ್ ಹಿಡ್ಕೊಂಡು ಹಿತ್ತಲ ಬಾಳೆಗಿಡದ ಹತ್ರ ಹೋಗಿ ನಿಲ್ತಾನೆ. ಫೋನೊಳಗಿಂದ ಹೆಂಗಸಿನ ಧ್ವನಿ. ಮನಿಲಾ ಕಡೆಯವಳು. ನಗಲ್ಲ, ಕೆಮ್ಮಲ್ಲ, ಉಸಿರೂ ತಗೊಳ್ಳಲ್ಲ, ಒಂದೇ ಸಮ ಹೇಳ್ತಾನೇ ಇರ್ತಾಳೆ. ಇವನು ಸುಮ್ನೆ ತಲೆ ಆಡಿಸ್ತಾನೆ.’

‘ಏನು ಹೇಳ್ತಾಳೆ?’

ಅಕ್ಕ ದನಿ ತಗ್ಗಿಸಿದಳು. ‘ನಮ್ಮನೆ ಕರೆಂಟ್ ಬಿಲ್ ಎಷ್ಟು ಅಂತ ಅವಳಿಗೆ ಗೊತ್ತು! ಯಾವತ್ತು ಕಟ್ಟಬೇಕು ಅನ್ನೋದೂ ಗೊತ್ತು!’

ಈಗ ನನಗೂ ನಗು ನಿಂತಿತು. ಪರಪುರುಷನ ಕರೆಂಟ್ ಬಿಲ್ಲಿನವರೆಗೆ ಬಂದ ಹೆಂಗಸು ಅಡುಗೆಮನೆಯವರೆಗೆ ಬರುವುದು ದೂರವಿಲ್ಲ. ಜೊತೆಗೆ ಅಕ್ಕ ಬೇರೆ ಸುಳಿವುಗಳನ್ನೂ ಕೂಡಿಹಾಕಿದ್ದಳು. ಕತ್ತಲಾಗುವ ಮೊದಲೇ ಗಾಡಿ ತಂದು ನಿಲ್ಲಿಸುತ್ತಾನೆ, ಕೇಳಿದರೆ ಸುಸ್ತು ಅನ್ನುತ್ತಾನೆ. ರಸ್ತೆಯಲ್ಲಿ ಸ್ವಂತ ಹೆಂಡತಿಯೇ ಕೈ ಬೀಸಿದರೂ ಗುರುತೇ ಇಲ್ಲದವನ ಹಾಗೆ ಹೋಗುತ್ತಾನೆ.

‘ಆ ಲ್ಯಾಪ್‌ಟಾಪು ಅವಳಿಗೋಸ್ಕರ ಅಂತ ಗೊತ್ತಾಗ್ಲಿ, ಅವತ್ತೇ ಬಟ್ಟೆ ಗಂಟು ಕಟ್ಕೊಂಡು ನಿನ್ನ ಮನೆಗೆ ಬಂದುಬಿಡ್ತೀನಿ. ಈ ವಯಸ್ಸಲ್ಲಿ ಯಾರ ಜೊತೆಗೂ ಗಂಡನ್ನ ಹಂಚ್ಕೊಳಲ್ಲ’ ಎಂದಳು. ಅಕ್ಕ ಸುಮ್ಮನೆ ಬೆದರಿಸುವ ಜಾತಿಯವಳಲ್ಲ, ನನಗೆ ನಿಜಕ್ಕೂ ಹೆದರಿಕೆಯಾಯಿತು. ಲ್ಯಾಪ್‌ಟಾಪ್ ಕೊಳ್ಳಲು ಹೋಗುವ ದಿನ ಭಾವನ ಮೇಲೆ ಕಣ್ಣಿಡುವುದಕ್ಕೆಂದೇ ನನ್ನನ್ನೂ ಹೊರಡಿಸಿದಳು.

ಭಾವನ ಗಾಡಿಯಲ್ಲೇ ಹೊರಟೆವು. ಹಾರೋ ಎಂಬ ಪೇಟೆಯ ಬಳಿ ತಳ್ಳುಗಾಡಿಯೊಂದಕ್ಕೆ ತಾಗುವಷ್ಟು ಹತ್ತಿರ ಹೋಗಿ ಭಾವ ಗಕ್ಕನೆ ಬ್ರೇಕು ಹಾಕಿದರು. ಅಕ್ಕ ನನ್ನ ತೊಡೆ ಚಿವುಟಿ, ‘ನೋಡ್ದಾ? ಮನಸ್ಸು ಇಲ್ಲಿಲ್ಲ’ ಎಂದಳು.

ಹೊಸ ಸಾಮಾನಿನ ದೊಡ್ಡ ಅಂಗಡಿಯಲ್ಲಿ ಬೆಲೆ ನೋಡಿಯೇ ನಾವು ಹಿಂದೆ ಸರಿದೆವು. ಆಮೇಲೆ ಹೋದದ್ದು ಜಪಾನಿನಿಂದ ಹಡಗಿನಲ್ಲಿ ಬರುವ ಹಳೇ ಸಾಮಾನಿನ ಅಂಗಡಿಗೆ. ಪಿಂಗಾಣಿ ಬಟ್ಟಲು, ಮಡಚುವ ಕುರ್ಚಿ, ಸೈಕಲ್ಲುಗಳ ನಡುವೆ ಒಂದು ಮೇಜಿನ ತುಂಬ ಲ್ಯಾಪ್‌ಟಾಪ್‌ಗಳು. ಶೆರಿಲಿನ್ ಎಂಬ ಹುಡುಗಿ ನೋಡಿಕೊಳ್ಳುತ್ತಿದ್ದಳು.

‘ಮನೆ ಬಳಕೆಗಾದ್ರೆ ಇದು ಸಾಕು ಅಮ್ಮಾ’ ಎಂದು ಚಿಕ್ಕದೊಂದನ್ನು ಮುಂದಿಟ್ಟಳು. ‘ಸೀರಿಯಲ್, ಚರ್ಚಿನ ಪೂಜೆ, ಯಾರಾದ್ರೂ ಕರೆ ಮಾಡಿದ್ರೆ ಮುಖ ನೋಡೋದು, ಎಲ್ಲಾ ಆಗುತ್ತೆ. ಹಗುರ. ಬ್ಯಾಟರಿನೂ ನಿಲ್ಲುತ್ತೆ.’

ನನಗೂ ಅದೇ ಸರಿಯೆನಿಸಿತು. ಅಕ್ಕ ಕೀಲಿಗಳ ಮೇಲಿನ ಜಪಾನಿ ಅಕ್ಷರಗಳನ್ನು ನೋಡಿ ಹುಬ್ಬು ಗಂಟಿಕ್ಕಿದಳು. ‘ಇದೇನು ಬರೆದಿರೋದು? ಇದು ಯಾರ ಮನೆಯಿಂದ ಎತ್ಕೊಂಡು ಬಂದಿದ್ದು? ಸತ್ತೋರದಲ್ಲ ತಾನೇ?’

‘ಆಫೀಸಿಂದು ಅಮ್ಮಾ.’

‘ಆಫೀಸಲ್ಲಿ ಯಾರೂ ಸಾಯಲ್ವಾ?’

ಭಾವ ಅಷ್ಟರಲ್ಲಿ ಮೇಜಿನ ತುದಿಗೆ ಹೋಗಿದ್ದರು. ‘ನನಗೆ ದೊಡ್ಡ ಪರದೆದು ಬೇಕು. ಇರೋದ್ರಲ್ಲೇ ದೊಡ್ಡದು. ಧ್ವನಿ ಸ್ಪಷ್ಟವಾಗಿ ಕೇಳಿಸ್ಬೇಕು.’

‘ಅವಳ ಮೋರೆ ದೊಡ್ಡದಾಗಿ ಕಾಣಬೇಕಲ್ಲ’ ಎಂದು ಅಕ್ಕ ನನ್ನ ಕಿವಿಯಲ್ಲಿ ಬುಸುಗುಟ್ಟಿದಳು. ನಾನೂ ಹಾಗೇ ಅಂದುಕೊಂಡೆ. ಹೂವಿನ ಹಾಗಿದ್ದ ಹಗುರ ಲ್ಯಾಪ್‌ಟಾಪು ಬಿಟ್ಟು ಹಲಗೆಯಂಥ ಆ ಹಳೆಯದರ ಮೇಲೆ ಕೈಯಿಟ್ಟು ನಿಂತಿದ್ದ ಮನುಷ್ಯನ ಬಗ್ಗೆ ಇನ್ನೇನು ತಾನೇ ಅಂದುಕೊಳ್ಳಲಿ?

ಭಾವ ಸುತ್ತ ಒಮ್ಮೆ ತಿರುಗಿ, ನಾವು ಬಟ್ಟಲು ನೋಡುತ್ತಿದ್ದೇವೆಂದು ತಿಳಿದು, ಹುಡುಗಿಗೆ ಪಿಸುಗುಟ್ಟಿ ಏನೋ ಕೇಳಿದರು. ನಾವು ಅವರ ಬೆನ್ನ ಹಿಂದೆಯೇ ನಿಂತಿದ್ದೆವು, ಅದು ಅವರಿಗೆ ಗೊತ್ತಾಗಲೇ ಇಲ್ಲ. ಹುಡುಗಿ ‘ಓ, ಅದಾ? ಇದೆಯಲ್ಲ’ ಎಂದು ಎರಡು ಕೀಲಿ ಒತ್ತಿದಳು.

ಲ್ಯಾಪ್‌ಟಾಪಿನೊಳಗಿಂದ ಹೆಂಗಸೊಬ್ಬಳು ಮಾತಾಡತೊಡಗಿದಳು. ನಗಲಿಲ್ಲ, ಕೆಮ್ಮಲಿಲ್ಲ, ಉಸಿರೂ ತೆಗೆದುಕೊಳ್ಳಲಿಲ್ಲ.

‘ಇವಳೇ!’ ಅಕ್ಕ ಕಿರುಚಿದಳು. ಕೈಯಲ್ಲಿದ್ದ ಬಟ್ಟಲು ಬಿದ್ದು ಒಡೆಯಿತು. ‘ಇವಳೇ ನೆನಿತಾ! ನಮ್ಮ ಕರೆಂಟ್ ಬಿಲ್ ಹೇಳಿದ್ದು ಇವಳೇ!’

ಶೆರಿಲಿನ್ ಬೆದರಿ ನಮ್ಮನ್ನೆಲ್ಲ ನೋಡಿದಳು. ‘ಅಮ್ಮಾ, ಇದು ಮನುಷ್ಯರಲ್ಲ. ಪರದೆ ಮೇಲಿರೋದನ್ನ ಓದಿ ಹೇಳೋ ಧ್ವನಿ. ಫೋನಲ್ಲೂ ಇರುತ್ತೆ. ಕಣ್ಣು ಮಂಜಾದೋರಿಗೆ ಅಂತ…’ ಎಂದವಳು ಭಾವನ ಮುಖ ನೋಡಿ ನಿಲ್ಲಿಸಿದಳು.

ನಾನು ನಿರಾಳವಾಗಿ ನಗುವುದರಲ್ಲಿದ್ದೆ. ಅಕ್ಕ ನಗಲಿಲ್ಲ. ಮೇಜಿನ ಮೇಲಿದ್ದ ಬೆಲೆಚೀಟಿ ಎತ್ತಿ ಭಾವನ ಮುಖದ ಮುಂದೆ ಹಿಡಿದಳು.

‘ಓದು.’

‘ಕನ್ನಡಕ ತಂದಿಲ್ಲ.’

‘ನಿನಗೆ ಕನ್ನಡಕ ಯಾವತ್ತಿತ್ತು? ಓದು ಟಾಕ್ಯೊ.’

ಭಾವ ಚೀಟಿಯನ್ನು ಓರೆಯಾಗಿ ಹಿಡಿದರು, ಕತ್ತು ವಾಲಿಸಿದರು. ಕೊನೆಗೆ ಅದನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ‘ನಡೂ ಮಧ್ಯದಲ್ಲಿ ಏನೂ ಕಾಣಲ್ಲ. ಅಂಚಲ್ಲಿ ಮಾತ್ರ ಸ್ವಲ್ಪ. ಮಳೆಗಾಲಕ್ಕೆ ಮುಂಚೆ ಶುರುವಾಯ್ತು. ಡಾಕ್ಟ್ರು ಹೋಗಿರೋದು ಮತ್ತೆ ಬರಲ್ಲ ಅಂದ್ರು. ಸವಾರಿಗೆ ಬರೋ ಕಾಲೇಜು ಹುಡುಗಿ ಒಬ್ಳು ಫೋನಲ್ಲಿ ಈ ಧ್ವನಿ ಹಾಕಿಕೊಟ್ಲು.’

‘ನನಗ್ಯಾಕೆ ಹೇಳಲಿಲ್ಲ?’

‘ಹೇಳಿದ್ರೆ ನೀನು ಗಾಡಿ ಬಿಡಿಸ್ತಿದ್ದೆ. ಗಾಡಿ ಇಲ್ದೆ ಮನೇಲಿ ಕೂತು ನಾನೇನು ಮಾಡ್ಲಿ ಚೋಲಿಂಗ್?’

ಬರುವಾಗ ತಳ್ಳುಗಾಡಿಯ ಹತ್ತಿರ ಹಾಕಿದ ಬ್ರೇಕು ನನಗೆ ಆಗ ನೆನಪಾಯಿತು. ಮರುಕ ಬಂದದ್ದು ನಿಜ. ಕೋಪ ಅದಕ್ಕಿಂತ ಮೊದಲೇ ಬಂದಿತ್ತು.

ಅಕ್ಕ ಮಡಚುವ ಕುರ್ಚಿಯೊಂದನ್ನು ಎಳೆದುಕೊಂಡು ಕೂತಳು. ‘ಹೆಂಗಸೇ ಆಗಿದ್ರೆ ಚೆನ್ನಾಗಿತ್ತು’ ಎಂದಳು. ‘ಹೋಗಿ ಜಗಳ ಆಡಿ ಬಿಡಿಸ್ಕೊಂಡು ಬರ್ತಿದ್ದೆ.’ ಆಮೇಲೆ ಅಳು ಬಂತು. ದೋಣಿಕಟ್ಟೆಯ ಕೆಲಸ ಬಿಟ್ಟ ದಿನವೂ ಅವಳು ಅತ್ತಿರಲಿಲ್ಲ.

ಕಣ್ಣೊರೆಸಿಕೊಂಡು ಭಾವನ ಮುಂದೆ ಅಂಗೈ ಚಾಚಿದಳು. ಭಾವ ಬಹಳ ಹೊತ್ತು ಆ ಅಂಗೈಯ ಪಕ್ಕಕ್ಕೆ ನೋಡುತ್ತ ನಿಂತರು. ಹಾಗೆ ನೋಡಿದರೆ ಅವರಿಗೆ ಕಾಣುತ್ತಿತ್ತೆಂದು ಈಗ ಗೊತ್ತು. ಆಮೇಲೆ ಗಾಡಿಯ ಕೀ ಅದರ ಮೇಲಿಟ್ಟರು.

‘ಇದನ್ನೇ ಕೊಡಮ್ಮ, ದೊಡ್ಡದನ್ನ’ ಎಂದಳು ಅಕ್ಕ ಶೆರಿಲಿನ್‌ಗೆ. ‘ಒಡೆದ ಬಟ್ಟಲಿಗೂ ಸೇರಿಸಿ ಹಾಕು. ಈಗ ಅವಳನ್ನ ಆರಿಸು. ಇನ್ನೊಂದು ಸಲ ಮಾತಾಡ್ಸು.’

ಭಾವನ ಗಾಡಿಯನ್ನು ಅಂಗಡಿಯ ಮುಂದೆಯೇ ಬಿಟ್ಟು, ಬೇರೆಯವನ ಟ್ರೈಸಿಕಲ್ ಹಿಡಿದೆವು. ಭಾವ ಪ್ರಯಾಣಿಕರ ಸೀಟಿನಲ್ಲಿ ಕೂತದ್ದನ್ನು ನಾನು ಅದೇ ಮೊದಲ ಸಲ ನೋಡಿದ್ದು. ಮೊಣಕಾಲ ಮೇಲೆ ಲ್ಯಾಪ್‌ಟಾಪಿಟ್ಟುಕೊಂಡಿದ್ದವರು ಒಂದು ತಿರುವಿನಲ್ಲಿ ಕತ್ತೆತ್ತಿದರು.

‘ಇವನು ಸುತ್ತು ಹೊಡಿಸ್ತಿದ್ದಾನೆ. ಎಡಕ್ಕೆ ಹೋಗ್ಬೇಕಿತ್ತು.’

‘ಆ ರಸ್ತೆ ಅಗೆದಿದ್ದಾರೆ ತಾತಾ’ ಎಂದ ಚಾಲಕ.

‘ಅಗೆದಿಲ್ಲ. ಬೆಳಿಗ್ಗೆ ಅಲ್ಲೇ ಬಂದ್ವಿ.’

ಚಾಲಕ ಅಕ್ಕನ ಕಡೆ ತಿರುಗಿದ. ನಾನೂ ಅವಳನ್ನೇ ನೋಡಿದೆ. ಬೇರೆ ದಿನವಾಗಿದ್ದರೆ ಅವಳು ಇಳಿದು, ತಾನೇ ನಡೆದುಹೋಗಿ, ರಸ್ತೆ ಅಗೆದಿದೆಯೋ ಇಲ್ಲವೋ ಎಂದು ಕಣ್ಣಾರೆ ನೋಡಿಕೊಂಡು ಬರುತ್ತಿದ್ದಳು.

‘ಗಾಡಿ ತಿರುಗಿಸು’ ಎಂದಳು ಅಕ್ಕ. ‘ಅವರು ಹೇಳಿದ ದಾರೀಲೇ ಹೋಗು.’