ಅತ್ತಿಗೆಯ ಎಡಗೈ ಕತ್ತರಿ

ನನ್ನ ಗಂಡನ ಅಕ್ಕ, ಅಂದರೆ ನನ್ನ ಅತ್ತಿಗೆ, ಒಂದು ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವರು. ಹೊಲಿಯುವವರು ಅಲ್ಲಿ ಏಳೆಂಟು ಜನ, ಕತ್ತರಿಸುವವರು ಅವರೊಬ್ಬರೇ. ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹಾಕಬಹುದು. ಕತ್ತರಿ ತಪ್ಪಿದರೆ ಬಟ್ಟೆಗೆ ಎಳ್ಳುನೀರು ಬಿಟ್ಟಂತೆಯೇ. ಹಾಗಾಗಿ ಕಿಟಕಿಯ ಪಕ್ಕದ ಉದ್ದನೆಯ ಮೇಜು ಅವರ ರಾಜ್ಯ. ಅದರ ಮೇಲೆ ಚಹಾ ಲೋಟ ಇಡುವ ಧೈರ್ಯ ಯಾರಿಗೂ ಇರಲಿಲ್ಲ. ಅಂಗಡಿಯವರೆಲ್ಲ ಅವರನ್ನು ಮೇಜಿನಕ್ಕ ಎಂದೇ ಕರೆಯುತ್ತಿದ್ದರು.

ಕಳೆದ ಬೇಸಿಗೆಯಲ್ಲಿ ಮೇಜಿನಕ್ಕನಿಗೆ ಲಕ್ವ ಹೊಡೆಯಿತು. ಕಾಲೂ ಮಾತೂ ಬೇಗ ದಾರಿಗೆ ಬಂದವು. ಮಾತಂತೂ ಮೊದಲಿಗಿಂತ ಹರಿತವಾಗಿ ಬಂತು, ಅದಕ್ಕೆ ನಾನೇ ಸಾಕ್ಷಿ. ಬಲಗೈ ಮಾತ್ರ ಬರಲಿಲ್ಲ, ಬೆರಳುಗಳು ಏನನ್ನೂ ಹಿಡಿಯುತ್ತಿರಲಿಲ್ಲ. ಅಂಗಡಿಯ ಮಾಲೀಕರು ಕೆಟ್ಟವರೇನಲ್ಲ. ನಮ್ಮ ಮನೆಗೇ ಬಂದು, ಗುಂಡಿ ಆರಿಸಿ ಬೇರೆಬೇರೆ ಡಬ್ಬಿಗೆ ಹಾಕುವ ಕೆಲಸ ಇದೆ, ಕೂತೇ ಮಾಡಬಹುದು, ಮೇಜಿಗೆ ಬೇರೆ ಯಾರನ್ನಾದರೂ ನೋಡುತ್ತೇನೆ ಎಂದರು. ಅತ್ತಿಗೆ ತಮ್ಮ ಎಡಗೈ ಎತ್ತಿ ತೋರಿಸಿದರು.

"ಇದಿನ್ನೂ ಇದೆಯಲ್ಲ. ಚಳಿಗಾಲದ ಕೋಟಿನ ಆರ್ಡರ್ ಬರೋವರೆಗೆ ಮೇಜು ಯಾರಿಗೂ ಕೊಡಬೇಡಿ. ಆಗ ಬಂದು ಒಂದು ಕೋಟು ಕತ್ತರಿಸಿ ತೋರಿಸ್ತೀನಿ. ಆಗದೇ ಹೋದ್ರೆ ನೀವು ಹೇಳಿದ ಹಾಗೆ."

ಮಾಲೀಕರು ಒಪ್ಪಿಕೊಂಡು ಹೋದರು. ಒಪ್ಪದೆ ಬಿಡುವಂತಿರಲಿಲ್ಲ, ಅತ್ತಿಗೆ ಬಾಗಿಲಿಗೆ ಅಡ್ಡ ನಿಂತಿದ್ದರು.

ಬಲಗೈ ಕತ್ತರಿಯನ್ನು ಎಡಗೈಯಲ್ಲಿ ಹಿಡಿದು ದಪ್ಪ ಬಟ್ಟೆ ಕತ್ತರಿಸಲು ನೀವೂ ಒಮ್ಮೆ ಪ್ರಯತ್ನಿಸಿ. ಹೆಬ್ಬೆರಳು ಒತ್ತಿದಷ್ಟೂ ಅಲಗುಗಳು ಒಂದರಿಂದೊಂದು ದೂರ ಸರಿಯುತ್ತವೆ, ಬಟ್ಟೆ ತುಂಡಾಗದೆ ನಡುವೆ ಮಡಚಿಕೊಂಡು ಕೂರುತ್ತದೆ. ಅತ್ತಿಗೆ ಕೆಲವು ದಿನ ಹಾಗೇ ಒದ್ದಾಡಿದರು. ಆಮೇಲೆ ತಮ್ಮನ, ಅಂದರೆ ನನ್ನ ಗಂಡನ, ಮುಂದೆ ಹೋಗಿ ನಿಂತು ಎಡಗೈಗೆ ಒಂದು ಕತ್ತರಿ ಮಾಡಿಕೊಡು ಎಂದರು.

ನಮ್ಮವರು ಕತ್ತರಿ ಮಾಡುವವರು. ಮನೆಯ ಹಿಂದೆಯೇ ಕಾರ್ಖಾನೆ. ಕಾರ್ಖಾನೆ ಎಂದರೆ ಒಂದು ತಗಡಿನ ಮಾಡು, ಒಂದು ಕರೆಂಟಿನ ಕುಲುಮೆ, ಒಂದು ಉಜ್ಜುವ ಚಕ್ರ, ಒಂದು ಎಣ್ಣೆ ಡ್ರಮ್ಮು ಮತ್ತು ಅವರ ಜಂಬ. ಕತ್ತರಿಗೆ ಅವರು ತರುವುದು ಸ್ಟೇನ್‌ಲೆಸ್ ಸ್ಟೀಲಿನ ಪ್ಲೇಟು, ಆದರೆ ನಮ್ಮ ತಟ್ಟೆ ಲೋಟದ ಸ್ಟೀಲಲ್ಲ. ಪಾತ್ರೆ ಅಂಗಡಿಯಲ್ಲಿ ನಾವು ಅಯಸ್ಕಾಂತ ಹಿಡಿದು, ಅಂಟಿಕೊಂಡರೆ ಕಳಪೆ ಮಾಲೆಂದು ಮೂಗು ಮುರಿಯುತ್ತೇವಲ್ಲ, ಇವರು ಅಂಟಿಕೊಳ್ಳುವುದನ್ನೇ ಹುಡುಕುತ್ತಾರೆ. ಅಂಟಿದ್ದೆಲ್ಲವೂ ಆಗುವುದಿಲ್ಲ, ಅದರಲ್ಲೂ ಇಂಗಾಲ ಸಾಕಷ್ಟು ಇರುವ ಜಾತಿಯೇ ಬೇಕು. ಪಾತ್ರೆಯ ಸ್ಟೀಲನ್ನು ಎಷ್ಟು ಕಾಯಿಸಿ ತಣಿಸಿದರೂ ಅದು ಗಡುಸಾಗುವುದಿಲ್ಲ. ಈ ಪ್ಲೇಟು ಬರುವಾಗ ಮೆತ್ತಗೆ ಇರುತ್ತದೆ, ಗರಗಸಕ್ಕೂ ಅರಕ್ಕೂ ಬಗ್ಗುತ್ತದೆ. ಕುಲುಮೆಯಲ್ಲಿ ಕಿತ್ತಳೆ ಬಣ್ಣ ಬರುವಂತೆ ಕಾಯಿಸಿ ಎಣ್ಣೆಗೆ ಹಾಕಿದರೋ, ಆಮೇಲೆ ಅರ ಅದರ ಮೇಲೆ ಜಾರುತ್ತದೆಯೇ ಹೊರತು ಹಿಡಿಯುವುದಿಲ್ಲ. ಆದರೆ ಆಗ ಅದು ಗಾಜಿನ ಹಾಗೆ, ಕೆಳಗೆ ಬಿದ್ದರೆ ಎರಡು ತುಂಡು. ತಡಮಾಡದೆ ಮತ್ತೊಮ್ಮೆ ಸಣ್ಣ ಕಾವಿನಲ್ಲಿ ಒಂದೆರಡು ಗಂಟೆ ಇಟ್ಟು ಹದ ಮಾಡಬೇಕು. ಹಾಗೆ ಹದವಾಗಿ ನುಣುಪಾಗಿ ಉಜ್ಜಿಸಿಕೊಂಡ ಅಲಗು ವರ್ಷಗಟ್ಟಲೆ ಹರಿತ ಉಳಿಸಿಕೊಳ್ಳುತ್ತದೆ, ಕೈಬೆವರಿಗೆ ತುಕ್ಕು ಹಿಡಿದು ಬಿಳಿ ಬಟ್ಟೆಗೆ ಕಲೆ ಹತ್ತಿಸುವುದಿಲ್ಲ. ಆಸ್ಪತ್ರೆಯ ಕತ್ತರಿ, ಅಡುಗೆಮನೆಯ ಚಾಕು, ಪಂಪಿನೊಳಗೆ ಸವೆತ ತಡೆಯುವ ಭಾಗಗಳು, ಎಲ್ಲಕ್ಕೂ ಇದೇ ಬಗೆಯ ಪ್ಲೇಟಂತೆ. ಊಟಕ್ಕೆ ಕೂತಾಗಲೆಲ್ಲ ಇದನ್ನು ಕೇಳಿ ಕೇಳಿ ನನಗೆ ಬಾಯಿಪಾಠವಾಗಿಹೋಗಿದೆ.

ಇಷ್ಟೆಲ್ಲ ಬಲ್ಲ ನಮ್ಮವರು ಅಕ್ಕನಿಗೆ ಮಾಡಿಕೊಟ್ಟಿದ್ದೇನು ಗೊತ್ತೇ? ಬೆರಳು ತೂರಿಸುವ ಹಿಡಿಗಳನ್ನು ಎಡಗೈಗೆ ಒಪ್ಪುವಂತೆ ಬಾಗಿಸಿದರು, ಅಲಗುಗಳನ್ನು ಮಾತ್ರ ಎಂದಿನಂತೆಯೇ ಕೂರಿಸಿದರು. ನೋಡಲು ಬಲು ಚೆಂದ. ಅತ್ತಿಗೆ ಕತ್ತರಿಸಲು ಹೋದರೆ ಬಟ್ಟೆ ಅದೇ ಹಳೆಯ ಹಾಡು ಹಾಡಿತು. ಕೈ ಪಳಗಬೇಕು ಅಕ್ಕ, ಅಭ್ಯಾಸ ಮಾಡು ಎಂದು ನಮ್ಮವರು ಉಪದೇಶ ಕೊಟ್ಟರು. ಅತ್ತಿಗೆ ಮಾಡಿದರು. ಹಳೆ ಚಾದರ, ಗೋಣಿಚೀಲ, ನನ್ನ ಒಂದು ಒಳ್ಳೆಯ ಪರದೆ, ಏನನ್ನೂ ಬಿಡಲಿಲ್ಲ. ಹೆಬ್ಬೆರಳಿನ ಬುಡದಲ್ಲಿ ಬೊಬ್ಬೆ ಎದ್ದು ಒಡೆಯಿತು. ಅದಕ್ಕೆ ಬಟ್ಟೆ ಸುತ್ತಿಕೊಂಡು ಮತ್ತೆ ಕೂತರು. ನನಗೆ ಹೊಟ್ಟೆ ಉರಿಯುತ್ತಿತ್ತು, ಪರದೆಗಲ್ಲ, ಅವರ ಕೈ ನೋಡಿ. ಸಾಕು ಮಾಡಿ ಅತ್ತಿಗೆ, ಗುಂಡಿ ಆರಿಸಿದರೇನು ಮಾನ ಹೋಗುತ್ತದೆಯೇ ಎಂದೆ. ಅವರು ಇನ್ನೊಂದು ಗೋಣಿಚೀಲ ಎಳೆದುಕೊಂಡರು.

ಕೋಟಿನ ಕಾಲ ಹತ್ತಿರ ಬರುತ್ತಿದ್ದಾಗ ಒಂದು ಬೆಳಗ್ಗೆ ಅತ್ತಿಗೆ ನನ್ನನ್ನು ಕೋಣೆಯ ಕನ್ನಡಿಯ ಮುಂದೆ ನಿಲ್ಲಿಸಿದರು. ನನ್ನ ಬಲಗೈಗೆ ಮಾಮೂಲಿ ಕತ್ತರಿ ಕೊಟ್ಟು ಬಾಯಿ ತೆರೆಸಿ ಹಿಡಿ ಎಂದರು. ಬಾಯಿ ಎಂದರೆ ಕತ್ತರಿಯದು ಎಂದೂ ಸೇರಿಸಿದರು. ತಾವು ಹೊಸ ಕತ್ತರಿಯನ್ನು ಎಡಗೈಯಲ್ಲಿ ಹಿಡಿದು ಪಕ್ಕದಲ್ಲಿ ನಿಂತರು. ಕನ್ನಡಿಯೊಳಗಿನ ನಾನು ಎಡಗೈಯಲ್ಲಿ ಕತ್ತರಿ ಹಿಡಿದಿದ್ದೆ, ಮೇಲಿನ ಅಲಗು, ಆ ಕನ್ನಡಿಯವಳ ಲೆಕ್ಕದಲ್ಲಿ, ನಡುವಿನ ತಿರುಪಿನ ಎಡಮಗ್ಗುಲಿಗಿತ್ತು. ಅತ್ತಿಗೆಯ ಕೈಯಲ್ಲಿದ್ದ ಕತ್ತರಿಯ ಮೇಲಿನ ಅಲಗು ಬಲಮಗ್ಗುಲಿಗಿತ್ತು. ಅವರು ಬಹಳ ಹೊತ್ತು ನೋಡಿದರು. ಕೊನೆಗೆ ಕನ್ನಡಿಯನ್ನು ಗೋಡೆಯಿಂದ ಇಳಿಸಿ ನನ್ನ ಕೈಲಿ ಹೊರಿಸಿಕೊಂಡು ಕಾರ್ಖಾನೆಗೆ ನಡೆದರು.

"ತಮ್ಮಾ, ನೀನು ಮಾಡಿರೋದು ಎಡಗೈ ಹಿಡಿ ಇರೋ ಬಲಗೈ ಕತ್ತರಿ. ನನಗೆ ಕನ್ನಡಿಯೊಳಗೆ ಕಾಣ್ತಿದೆಯಲ್ಲ, ಆ ಕತ್ತರಿ ಬೇಕು."

ನಮ್ಮವರು ಕನ್ನಡಿ ನೋಡಿದರು, ಕತ್ತರಿ ನೋಡಿದರು, ತಲೆ ಕೆರೆದುಕೊಂಡರು. ಇದನ್ನೇ ತಿದ್ದಲು ಬರುವುದಿಲ್ಲ, ಗಡುಸಾಗಿಬಿಟ್ಟಿದೆ, ಮತ್ತೆ ಪ್ಲೇಟಿನಿಂದಲೇ ಶುರು ಮಾಡಬೇಕು ಎಂದರು. ಉಳಿದಿದ್ದ ಪ್ಲೇಟು ಒಂದು ಜೊತೆ ಅಲಗಿಗಷ್ಟೇ ಸಾಕಾಗುತ್ತಿತ್ತು, ಹೊಸದು ಬರುವಷ್ಟರಲ್ಲಿ ಕೋಟಿನ ಕಾಲ ಬಂದೇಬಿಡುತ್ತಿತ್ತು. ಹಾಗಾದರೆ ಈಗಲೇ ಶುರು ಮಾಡು ಎಂದು ಅತ್ತಿಗೆ ಸ್ಟೂಲು ಎಳೆದುಕೊಂಡು ಅಲ್ಲೇ ಕೂತರು.

ಈ ಸಲ ಎಲ್ಲವೂ ತಿರುವುಮುರುವು. ಕೈ ಎಂದಿನ ಅಭ್ಯಾಸಕ್ಕೆ ಓಡಿದಾಗಲೆಲ್ಲ ಅತ್ತಿಗೆ ಒಂದು ಸಲ ಕೆಮ್ಮುತ್ತಿದ್ದರು, ನಮ್ಮವರು ನಿಲ್ಲಿಸುತ್ತಿದ್ದರು. ಮೊದಲನೆಯ ಅಲಗು ಎಣ್ಣೆಯಿಂದ ನೆಟ್ಟಗೆ ಬಂತು. ಎರಡನೆಯದು ಸೊಟ್ಟಗಾಗಿ ಬಂತು. ಪೂರ್ತಿ ಆರುವ ಮೊದಲು ಅದು ಇನ್ನೂ ಸ್ವಲ್ಪ ಮಾತು ಕೇಳುತ್ತದೆ, ಆರಿದ ಮೇಲೆ ಒತ್ತಿದರೆ ಮುರಿದೇ ಹೋಗುತ್ತದೆ. ನಮ್ಮವರು ದಪ್ಪ ಕೈಗವಸು ಹಾಕಿಕೊಂಡು ಬಿಸಿ ಅಲಗನ್ನು ಮರದ ದಿಮ್ಮಿಯ ಮೇಲಿಟ್ಟು, ಒತ್ತಲೋ ಬೇಡವೋ ಎಂದು ಅಕ್ಕನ ಮುಖ ನೋಡಿದರು.

"ಒತ್ತು," ಎಂದರು ಅತ್ತಿಗೆ.

ಒತ್ತಿದರು. ಬಗ್ಗಿತು, ಮುರಿಯಲಿಲ್ಲ. ನಮ್ಮವರ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. ಅಲಗನ್ನು ಬೆಳಕಿಗೆ ಹಿಡಿದು ನೋಡಿ, ಕೈಗೆ ತಡೆಯುವಷ್ಟು ಬಿಸಿಗೆ ಇಳಿದ ಮೇಲೆ ಎರಡನ್ನೂ ಹದಕ್ಕೆ ಇಟ್ಟರು. ಆವತ್ತು ಅವರ ಮೇಲೆ ನನಗೆ ಎಷ್ಟು ಪ್ರೀತಿ ಬಂತೆಂದರೆ, ಪರದೆಯ ವಿಷಯ ಎತ್ತಲೇ ಇಲ್ಲ.

ಕೋಟಿನ ಆರ್ಡರ್ ಬಂದ ದಿನ ನಾನೂ ಅತ್ತಿಗೆಯ ಜೊತೆ ಅಂಗಡಿಗೆ ಹೋದೆ. ಮಿಷನ್ನುಗಳೆಲ್ಲ ನಿಂತವು. ಮಾಲೀಕರು ದಪ್ಪ ಉಣ್ಣೆ ಬಟ್ಟೆಯನ್ನು ಎರಡು ಪದರ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಟ್ಟರು. ಅತ್ತಿಗೆ ಬಲಗೈಯನ್ನು ಎತ್ತಿ ಬಟ್ಟೆಯ ಮೇಲಿಟ್ಟರು. ಹಿಡಿಯಲು ಬಾರದ ಆ ಕೈ ಬಟ್ಟೆ ಅಲುಗದಂತೆ ಒತ್ತಿಕೊಂಡು ಬಿದ್ದಿತ್ತು. ಎಡಗೈ ಕತ್ತರಿಸುತ್ತಾ ಹೋಯಿತು. ನೇರ ಗೆರೆ ಸಲೀಸಾಗಿ ಮುಗಿಯಿತು. ತೋಳಿನ ಸುತ್ತಿನಲ್ಲಿ ಒಮ್ಮೆ ನಿಂತರು. ಹೊಟ್ಟೆಯನ್ನು ಮೇಜಿಗೆ ಆನಿಸಿ, ಮೈಯನ್ನೇ ಸ್ವಲ್ಪ ತಿರುಗಿಸಿಕೊಂಡು ಮುಂದೆ ಹೋದರು.

ಮಾಲೀಕರು ತುಂಡುಗಳನ್ನು ಕಾಗದದ ಮಾದರಿಯ ಮೇಲಿಟ್ಟು ಅಂಚು ಸವರಿ ನೋಡಿದರು. ಎಲ್ಲೂ ಹೆಚ್ಚುಕಡಿಮೆ ಇರಲಿಲ್ಲ. ಮೊದಲಿನಷ್ಟು ಬೇಗ ಆಗಲಿಲ್ಲ ಎಂದರು. ಹೌದು ಎಂದರು ಅತ್ತಿಗೆ. ಮಾಲೀಕರಿಗೆ ಏನನ್ನಿಸಿತೋ, ಕತ್ತರಿಯನ್ನು ತಮ್ಮ ಬಲಗೈಗೆ ತೆಗೆದುಕೊಂಡು ಚೂರು ಬಟ್ಟೆಗೆ ಹಾಕಿದರು. ಬಟ್ಟೆ ಮಡಚಿಕೊಂಡಿತು. ಇನ್ನೊಮ್ಮೆ ಹಾಕಿದರು, ಗಟ್ಟಿಯಾಗಿ ಒತ್ತಿದರು, ಆಗಲಿಲ್ಲ.

"ಇದು ಕತ್ತರಿಸೋದೇ ಇಲ್ವಲ್ಲ," ಎಂದರು.

"ಕತ್ತರಿಸುತ್ತೆ," ಎಂದರು ಅತ್ತಿಗೆ. "ಈಗ ನಿಮ್ಮ ಕೈಗೆ ಆಗ್ತಿರೋದೇ ಆಗ ನನ್ನ ಎಡಗೈಗೂ ಆಗ್ತಿತ್ತು, ಅದು ನನ್ನ ಕೈಯದೇ ತಪ್ಪು ಅಂದ್ಕೊಂಡಿದ್ದೆ."

ಮಾಲೀಕರು ಕತ್ತರಿಯನ್ನು ಮೇಜಿನ ಎಡಬದಿಗೆ, ಅತ್ತಿಗೆಯ ಕೈಗೆ ಎಟುಕುವಲ್ಲಿ ಇಟ್ಟು, ಮುಂದಿನ ಕೋಟಿನ ಬಟ್ಟೆ ತರಲು ಒಳಗೆ ಹೋದರು.