ಗುಟ್ಟು ಬಿಡದ ಮೇಸ್ತ್ರಿ

ನಾನು ಎಂ.ಎ. ಮುಗಿಸಿದ ವರ್ಷ ರಾಜೀವನಗರದ ಅಗರಬತ್ತಿ ಘಟಕವೊಂದು, ಮೇಸ್ತ್ರಿ ಕೂಲಿಗೆ ಕೈಹಾಕಬಾರದೆಂದು, ಕೆಲಸದ ಹೆಂಗಸರಿಗೆಲ್ಲ ಬ್ಯಾಂಕ್ ಖಾತೆ ತೆರೆಸಿ ಎಟಿಎಂ ಕಾರ್ಡ್ ಮಾಡಿಸಿತು. ಕಾರ್ಡ್‌ಗಳನ್ನೂ ಪಿನ್ ಇದ್ದ ಕಾಗದಗಳನ್ನೂ ಜೋಪಾನ ಮಾಡುವ ಹೊಣೆಯನ್ನು ಅದೇ ಮೇಸ್ತ್ರಿಗೆ ವಹಿಸಿತು. ಆತ ತಾನೇ ಹಣ ತೆಗೆದು, ತನ್ನ ಪಾಲು ಮುರಿದುಕೊಂಡು ಹಂಚುತ್ತಿದ್ದ.

ನಮ್ಮ ಪಕ್ಕದ ಮನೆಯಲ್ಲಿ ಬತ್ತಿ ಹೊಸೆಯುತ್ತಿದ್ದಾಕೆಗೆ ಪೂರ್ತಿ ಕೂಲಿ ಬೇಕಿತ್ತು. ಆಕೆಯ ಪರವಾಗಿ ನಾನು ಜಗಳಕ್ಕೆ ನಿಂತೆ. ಮೇಸ್ತ್ರಿ ಕಾರ್ಡ್ ಕೊಟ್ಟ. ಪಿನ್ ಮಾತ್ರ ಹೇಳಲಿಲ್ಲ.

"ಯಾರಿಗೂ ಹೇಳ್ಬಾರ್ದು ಅಂತ ಬ್ಯಾಂಕ್‌ನೋರೇ ಬೋರ್ಡ್ ಹಾಕವ್ರೆ ಕಣ್ರೀ. ನಾನು ರೂಲ್ಸ್ ಮೀರೋನಲ್ಲ."

"ಖಾತೆ ಇವರದೇ ಅಲ್ವೇನ್ರೀ?"

"ಯಾರಿಗೂ ಅಂದ್ರೆ ಯಾರಿಗೂ."

ನಾನೂ ಆಕೆಯೂ ಬ್ಯಾಂಕಿಗೆ ಹೋದೆವು. ಮ್ಯಾನೇಜರು ಮೇಸ್ತ್ರಿಯ ಶಿಸ್ತನ್ನು ಮೆಚ್ಚಿಕೊಂಡು, ಹೊಸ ಪಿನ್ ಖಾತೆಯಲ್ಲಿರುವ ವಿಳಾಸಕ್ಕೆ ಅಂಚೆಯಲ್ಲಿ ಬರುತ್ತದೆ ಎಂದರು. ಎಲ್ಲರ ಖಾತೆಯಲ್ಲೂ ಇದ್ದದ್ದು ಮೇಸ್ತ್ರಿಯ ಮನೆ ವಿಳಾಸ. ಇದಕ್ಕೆ ಹೊಣೆ ಯಾರೆಂದು ಗುಡುಗಿದೆ. ಕಂಪ್ಯೂಟರ್ ಎಂದರು.

ಆಕೆ ಅವರೆದುರಿನ ಕುರ್ಚಿ ಎಳೆದುಕೊಂಡು ಕೂತರು. "ನಮ್ಮನೆ ವಿಳಾಸ ಬರ್ಕೊಳಿ ಸಾ. ಅಲ್ಲೀಗಂಟ ನಾನು ಏಳಾಕಿಲ್ಲ."

ಮ್ಯಾನೇಜರು ಪೆನ್ನಿನ ಮುಚ್ಚಳ ತೆಗೆದರು.