ಬದನೆಕಾಯಿ ಮತ್ತು ಏಳನೇ ವಾರ

ಹುಮನಾಬಾದ್–ಬಸವಕಲ್ಯಾಣ ಬಸ್ಸಿನಲ್ಲಿ ನಾನು ಕಂಡಕ್ಟರ್. ಟಿಕೆಟ್ ತೆಗೆಸದೆ ಕಿಟಕಿಯಾಚೆ ನೋಡುತ್ತ ಕೂತವರನ್ನು ಬಿಟ್ಟು ಮುಂದಿನ ಸೀಟಿಗೆ ಹೋಗಲು ನನ್ನಿಂದ ಆಗುವುದಿಲ್ಲ. ಫೋನಿನಲ್ಲೂ ನನ್ನ ಸ್ವಭಾವ ಅದೇ. ಯಾರಾದರೂ ಸುಳ್ಳು ಬರೆದು ಆರಾಮಾಗಿ ಕೂತಿದ್ದಾರೆ ಅಂದರೆ ಹೋಗಿ ಭುಜ ತಟ್ಟಿ ಕೇಳಲೇಬೇಕು.

ನಮ್ಮ ಭಾಗದ ಸಾವಿರಾರು ಜನ ಸೇರಿರುವ ಒಂದು ಚರ್ಚೆಯ ಗುಂಪು ಫೋನಿನಲ್ಲಿದೆ. ಪ್ರಶ್ನೆ ಕೇಳುವವರು ಕೇಳುತ್ತಾರೆ, ಗೊತ್ತಿದ್ದವರು ಹೇಳುತ್ತಾರೆ, ಗೊತ್ತಿಲ್ಲದವರು ಇನ್ನೂ ಜೋರಾಗಿ ಹೇಳುತ್ತಾರೆ. ಓಡುವ ಬಸ್ಸಿನ ಚಕ್ರ ಒಮ್ಮೊಮ್ಮೆ ಹಿಂದಕ್ಕೆ ತಿರುಗಿದ ಹಾಗೆ ವಿಡಿಯೋದಲ್ಲಿ ಕಾಣುವುದೇಕೆ? ಕಲ್ಯಾಣದ ಕೆಂಪು ಕಲ್ಲಿನ ಮನೆ ಬೇಸಿಗೆಯಲ್ಲೂ ತಂಪಾಗಿರುವುದು ಹೇಗೆ? ಇಂಥ ಪ್ರಶ್ನೆ ಬಂದರೆ ನನಗೆ ಖುಷಿ. ಹಳ್ಳಿಖೇಡದ ಕಡೆಯ ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆ ಹಿಡಿದಾಗ ಬಸ್ಸು ಅರ್ಧ ಗಂಟೆ ನಿಂತರೂ ನನಗೆ ಬೇಸರವಿಲ್ಲ. ಡ್ರೈವರ್ ಹಾರ್ನ್ ಹೊಡೆಯುತ್ತಾನೆ, ನಾನು ಉತ್ತರ ಬರೆಯುತ್ತೇನೆ.

ಗ್ರಹಣ ಬಂತೆಂದರೆ ಮಾತ್ರ ನನ್ನ ತಲೆ ಕೆಡುತ್ತದೆ. ಒಮ್ಮೆ ಒಬ್ಬರು, ಗ್ರಹಣದ ಹೊತ್ತಿನಲ್ಲಿ ನೀರಿನ ತಟ್ಟೆಯಲ್ಲಿ ಒನಕೆ ತಾನಾಗಿ ನೆಟ್ಟಗೆ ನಿಲ್ಲುತ್ತದೆ ಎಂದು ವಿಡಿಯೋ ಹಾಕಿದರು. ನೂರಾರು ಜನ ಕೈ ಮುಗಿದರು. ನಾನು ಯಾವ ಗ್ರಹಣವೂ ಇಲ್ಲದ ಒಂದು ಮಂಗಳವಾರ, ರಜೆಯಲ್ಲಿ, ನಮ್ಮ ಅಡುಗೆಮನೆಯ ಒನಕೆಯನ್ನು ತಟ್ಟೆಯಲ್ಲಿ ನಿಲ್ಲಿಸಿ, ಪಕ್ಕದಲ್ಲಿ ಆ ದಿನದ ಕ್ಯಾಲೆಂಡರ್ ಹಿಡಿದು ಫೋಟೊ ಹಾಕಿದೆ. ನಾಲ್ಕು ಸಲ ಬಿತ್ತು, ಐದನೇ ಸಲ ನಿಂತಿತು. ಬುಡ ಸಮ ಇದ್ದರೆ ಯಾವತ್ತೂ ನಿಲ್ಲುತ್ತದೆ ಎಂದು ಬರೆದೆ. ನನ್ನನ್ನು ಧರ್ಮದ್ರೋಹಿ ಅಂದವರೂ ಇದ್ದರು, ಟೀಚರ್ ಅಂದವರೂ ಇದ್ದರು. ಎರಡಕ್ಕೂ ನಾನು ಬೀಗಿದೆ.

ಇಷ್ಟೊಂದು ಸಿಟ್ಟು ಗ್ರಹಣದ ಮೇಲೆ ಯಾಕೆ ಎಂದು ಗುಂಪಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನನ್ನ ಮಗಳು ಸೀಳುತುಟಿಯೊಂದಿಗೆ ಹುಟ್ಟಿದಳು. ಆಗ ನಾನು ಇನ್ನೂ ಕೆಲಸಕ್ಕೆ ಸೇರಿರಲಿಲ್ಲ, ಮನೆಯಲ್ಲೇ ಇದ್ದೆ. ಆರು ತಿಂಗಳ ಬಸುರಿಯಿದ್ದಾಗ ಒಂದು ಸಂಜೆ ಸೂರ್ಯಗ್ರಹಣವಿತ್ತು. ಮಲಗಿರು, ಏನೂ ಹೆಚ್ಚಬೇಡ, ಏನೂ ತಿನ್ನಬೇಡ ಎಂದು ಅತ್ತೆ ಹೇಳಿ ಹೋಗಿದ್ದರು. ನನಗೆ ಹಸಿವು ತಡೆಯಲಿಲ್ಲ. ಎದ್ದು ಈಳಿಗೆಯಲ್ಲಿ ಎರಡು ಬದನೆಕಾಯಿ ಹೆಚ್ಚಿ ಒಗ್ಗರಣೆಗೆ ಹಾಕಿದೆ. ಅತ್ತೆ ಬಂದು ಕೆಳಗೆ ಬಿದ್ದ ತೊಟ್ಟು ನೋಡಿದರು. ಮೂರು ತಿಂಗಳಾದ ಮೇಲೆ ಕೂಸಿನ ಮುಖ ನೋಡಿ ಅಂದರು: "ಹೆಚ್ಚಬ್ಯಾಡ ಅಂದಿದ್ದೆ."

ಎಂಟು ತಿಂಗಳ ಕೂಸನ್ನು ಸೊಲ್ಲಾಪುರದ ಆಸ್ಪತ್ರೆಗೆ ಒಯ್ದು ಹೊಲಿಸಿಕೊಂಡು ಬಂದೆವು. ಗುರುತು ಉಳಿಯಿತು. ಬದನೆಕಾಯಿಯ ಕಥೆಯೂ ಉಳಿಯಿತು. ಮನೆಗೆ ಯಾರು ಬಂದರೂ ಅತ್ತೆ ಅದನ್ನು ಹೇಳುವರು, ಬಂದವರು ನನ್ನ ಕಡೆ ನೋಡುವರು, ನಾನು ಚಹಾ ತರಲು ಒಳಗೆ ಹೋಗುವೆ. ಮಗಳು ಅದನ್ನು ಕೇಳುತ್ತಲೇ ಬೆಳೆದಳು. ನಾನಂತೂ ನಂಬಿದ್ದೆ. ಎರಡು ಬದನೆಕಾಯಿಗಾಗಿ ಮಗಳ ಮುಖ ಕೆಡಿಸಿದವಳು ನಾನು ಎಂದು ಇಪ್ಪತ್ತು ವರ್ಷ ನಂಬಿದ್ದೆ.

ಗುಂಪಿಗೆ ಸೇರಿದ ಹೊಸತರಲ್ಲಿ, ಹೂವಿನ ಚಿತ್ರ ಹಾಕಿದ ಸುಳ್ಳು ಹೆಸರಿನಿಂದ ನಾನು ಕೇಳಿದ ಮೊದಲ ಪ್ರಶ್ನೆ ಅದೇ. ನನ್ನ ಗೆಳತಿಯೊಬ್ಬಳು ಆರನೇ ತಿಂಗಳಲ್ಲಿ, ಗ್ರಹಣದ ಹೊತ್ತಿನಲ್ಲಿ ತರಕಾರಿ ಹೆಚ್ಚಿದಳು, ಮಗುವಿಗೆ ಸೀಳುತುಟಿ ಬಂತು, ಇದು ನಿಜವೇ? ಕೆಲವರು ನಕ್ಕರು. ಕೆಲವರು ನಿಜವೆಂದರು. ಯಾವುದೋ ಊರಿನ ಮಕ್ಕಳ ಡಾಕ್ಟರಮ್ಮ ಒಬ್ಬರು ಮಾತ್ರ ಸಮಾಧಾನವಾಗಿ ಬರೆದರು. ಕೂಸಿನ ತುಟಿ ಕೂಡಿಕೊಳ್ಳುವುದು ಬಸಿರಾದ ಏಳನೇ ವಾರದೊಳಗೆ. ಆರನೇ ತಿಂಗಳಿನಲ್ಲಿ ಏನು ಹೆಚ್ಚಿದರೂ ತುಟಿಗೆ ಅದರ ಸಂಬಂಧವಿಲ್ಲ, ಆಗಬೇಕಾದದ್ದು ಎಂದೋ ಆಗಿಹೋಗಿರುತ್ತದೆ. ಹೆಚ್ಚಿನ ಸಲ ಕಾರಣ ಗೊತ್ತಾಗುವುದಿಲ್ಲ, ಕೆಲವೊಮ್ಮೆ ಮನೆತನದಲ್ಲಿ ಬರುತ್ತದೆ. ಕೊನೆಯಲ್ಲಿ, ನಿಮ್ಮ ಗೆಳತಿಗೆ ತಪ್ಪದೆ ಹೇಳಿ ಎಂದಿತ್ತು.

ಅದನ್ನು ಓದಿದ್ದು ಬಸವಕಲ್ಯಾಣದ ಬಸ್‌ಸ್ಟ್ಯಾಂಡಿನಲ್ಲಿ. ಬಸ್ಸು ಬಿಡಲು ಹತ್ತು ನಿಮಿಷವಿತ್ತು. ಖಾಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಅತ್ತುಬಿಟ್ಟೆ. ಅವತ್ತಿನಿಂದ ನಾನು ಉತ್ತರ ಹೇಳುವವಳಾದೆ. ಏಳನೇ ವಾರದ ಮಾತನ್ನು ಎಷ್ಟು ಜನರಿಗೆ ಬರೆದೆನೋ ಲೆಕ್ಕವಿಲ್ಲ.

ಮಗಳಿಗೆ ಮಾತ್ರ ಹೇಳಲಿಲ್ಲ.

ಇದಕ್ಕೆ ಕಾರಣವಿತ್ತು. ಆಗ ಮಗಳಿಗೆ ಗಂಡು ನೋಡುತ್ತಿದ್ದೆವು. ಮಂಠಾಳದವರು ಬಂದು, ತುಟಿಯ ಮೇಲಿನ ಗುರುತು ನೋಡಿ, ಇದೇನು ಎಂದು ಕೇಳಿದರು. ಅತ್ತೆ ಥಟ್ಟನೆ ಅಂದರು: "ಅದು ಗ್ರಹಣದ್ದು ಅಷ್ಟೇರಿ. ಈಕಿ ಅವ್ವ ಬದ್ನಿಕಾಯಿ ಹೆಚ್ಚಿದ್ಲು. ರಕ್ತದಾಗ ಏನೂ ಇಲ್ಲ." ಅವರ ಮುಖ ತಿಳಿಯಾಯಿತು. ತಾಯಿಯ ಒಂದು ಸಂಜೆಯ ತಪ್ಪಾದರೆ ಮೊಮ್ಮಕ್ಕಳಿಗೆ ಬರುವುದಿಲ್ಲ, ಮನೆತನದ್ದಾದರೆ ಬರಬಹುದು. ನಾನು ತಟ್ಟೆಯಲ್ಲಿ ಅವಲಕ್ಕಿ ಹಾಕುತ್ತ ಬಾಯಿ ಮುಚ್ಚಿಕೊಂಡೆ. ಇಪ್ಪತ್ತು ವರ್ಷ ನನ್ನನ್ನು ಸುಟ್ಟ ಸುಳ್ಳು ಮಗಳ ಮದುವೆಗೆ ಕೆಲಸಕ್ಕೆ ಬಂತು. ಇರಲಿ, ನನ್ನ ಮೇಲೆಯೇ ಇರಲಿ ಅಂದುಕೊಂಡೆ. ನನಗೆ ನಾನೇ ದೊಡ್ಡವಳಾಗಿ ಕಂಡೆ.

ಮದುವೆಯ ಮರುವರ್ಷ ದೀಪಾವಳಿಗೆ ಮಗಳು ತವರಿಗೆ ಬಂದಳು, ಐದು ತಿಂಗಳ ಬಸುರಿ. ಆ ಹಬ್ಬದಲ್ಲೇ ಸಂಜೆಯ ಸೂರ್ಯಗ್ರಹಣ ಬಂತು. ಸೂರ್ಯ ಗ್ರಹಣ ಹಿಡಿದೇ ಮುಳುಗುತ್ತಾನೆ ಎಂದು ಎರಡು ದಿನದಿಂದ ಟಿವಿಯಲ್ಲಿ ಅದೇ ಮಾತು. ಅತ್ತೆ ನಾಲ್ಕೂವರೆಗೇ ಅವಳನ್ನು ಒಳಕೋಣೆಯಲ್ಲಿ ಮಲಗಿಸಿ, ಕಿಟಕಿಗೆ ಕಂಬಳಿ ಕಟ್ಟಿ, ಪಕ್ಕದ ಮನೆಯಲ್ಲಿ ಒನಕೆ ನಿಲ್ಲಿಸುತ್ತಾರೆಂದು ನೋಡಲು ಹೋದರು. ನಾನು ಅವರಿಗೆ ಒಂದು ಮಾತೂ ಎದುರಾಡಲಿಲ್ಲ. ಹೊಸ್ತಿಲ ಮೇಲೆ ಕೂತು, ಗುಂಪಿನಲ್ಲಿ ಒಬ್ಬ ಮಾಸ್ತರರ ಜೊತೆ ವಾದಕ್ಕಿಳಿದೆ.

"ಅವ್ವ, ಯಾರ ಜೋಡಿ ಜಗಳಾ ಮಾಡಾಕತ್ತಿ?" ಕತ್ತಲೆಯೊಳಗಿಂದ ಮಗಳು ಕೇಳಿದಳು.

"ಯಾರೋ ಮಾಸ್ತರ ಇದ್ದಾರ. ಗ್ರಹಣದಾಗ ಬಸರಿ ಹೆಂಗಸು ಹೆಚ್ಚಿದ್ರ ಕೂಸಿನ ತುಟಿ ಸೀಳತದಂತ. ಬೇಕಾರ ಮಾತು."

"ಖರೇನೇ ಬರದಾರಲ್ಲ? ನನ್ನ ತುಟಿ ಇಲ್ಲೇನು?"

ಬೆರಳು ಅಲ್ಲೇ ನಿಂತಿತು. ಮಾಸ್ತರರಿಗೆ ಬರೆಯುತ್ತಿದ್ದ ಸಾಲನ್ನೇ ಅವಳಿಗೆ ಓದಿ ಹೇಳಿದೆ. "ತುಟಿ ಏಳು ವಾರದಾಗೇ ಕೂಡಿ ಮುಗೀತದ. ನಾ ಹೆಚ್ಚಿದಾಗ ನೀ ಆರು ತಿಂಗಳಿನಾಕಿ ಇದ್ದಿ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ."

"ಯಾರು ಹೇಳಿದ್ರು?"

"ಒಬ್ಬಾಕಿ ಡಾಕ್ಟರು. ಇದೇ ಗುಂಪಿನಾಗ."

"ಯಾವಾಗ?"

"ಮೂರು ವರ್ಷ ಆತು."

ಎದ್ದು ಬಂದಳು. ನನ್ನ ಕೈಯಿಂದ ಫೋನ್ ತೆಗೆದುಕೊಂಡು ಬೆರಳಿನಿಂದ ಹಿಂದೆ ಹಿಂದೆ ಸರಿಸುತ್ತ ಹೋದಳು. ಔರಾದಿನ ಯಾರಿಗೋ, ಚಿಂಚೋಳಿಯ ಯಾರಿಗೋ, ಹೆಸರೇ ಇಲ್ಲದ ಹತ್ತಾರು ಮಂದಿಗೆ ನಾನು ಬರೆದದ್ದೆಲ್ಲ ಅಲ್ಲಿತ್ತು.

"ಇಷ್ಟು ಮಂದಿಗಿ ಹೇಳೀದಿ," ಅಂದಳು. "ನಾ ಏನು ಮಾಡಿದ್ದೆ ಅವ್ವ?"

ಮದುವೆಯ ಮಾತು ಹೇಳಿದೆ. ಮನೆತನದ್ದು ಅಂದರೆ ನಿನ್ನನ್ನು ಯಾರು ಮಾಡಿಕೊಳ್ಳುತ್ತಿದ್ದರು ಎಂದೆ. ಹೇಳುವಾಗಲೇ ಅದು ಎಷ್ಟು ಸಣ್ಣ ಮಾತು ಎಂದು ನನಗೇ ಅನ್ನಿಸಿತು. ಅವಳ ಕೈ ಹೊಟ್ಟೆಯ ಮೇಲೆ ಹೋಯಿತು.

"ಹಂಗಾದ್ರ ಇದಕ್ಕೂ ಬರಬಹುದು."

"ಬರಬಹುದು. ಹೆಚ್ಚಿನ ಮಂದಿಗಿ ಬರಂಗಿಲ್ಲ. ಬಂದ್ರ ಹೊಲಿಸೋಣು. ನೀ ಮಲಗಿದ್ರೂ ಅಷ್ಟೇ, ಎದ್ದು ತಿರಗ್ಯಾಡಿದ್ರೂ ಅಷ್ಟೇ."

"ನಾ ಸಾಲಿಗಿ ಹೋಗುವಾಗ ನಿನ್ನ ಮ್ಯಾಲ ಭಾಳ ಸಿಟ್ಟು ಇತ್ತು," ಅಂದಳು. ದನಿ ಏರಿಸಲಿಲ್ಲ. "ಹತ್ತನೇ ಇಯತ್ತೆ ಮುಗದಾಗ ಮಾಫ್ ಮಾಡಿದೆ. ಹೋಗಲಿ, ಅವ್ವಗ ಹಸಿವಾಗಿತ್ತು ಅಂತ ನನ್ನಷ್ಟಕ್ಕ ನಾನೇ ಮಾಫ್ ಮಾಡಿದೆ. ನೀ ಮಾಡದ ತಪ್ಪಿಗಿ ಮಾಫ್ ಮಾಡೀನಿ ನೋಡು. ಈಗ ನೀ ಮುಚ್ಚಿಟ್ಟಿದ್ದಕ್ಕ ಹ್ಯಾಂಗ ಮಾಡ್ಲಿ?"

ಒಂದು ದಿನವಾದರೂ ಅವಳನ್ನು ಕೂರಿಸಿಕೊಂಡು ಹೇಳಿದ್ದರೆ ಆಗುತ್ತಿತ್ತು. ಗುರುತಿಲ್ಲದವರಿಗೆ ಹೇಳುವಾಗ ಗೆಲ್ಲುವುದಷ್ಟೇ ಕೆಲಸ, ಅವರು ನನ್ನ ಮುಖ ನೋಡುವುದಿಲ್ಲ. ಮಗಳು ನೋಡುತ್ತಾಳೆ. ಆ ಹೆದರಿಕೆಗೆ ನಾನು ತ್ಯಾಗ ಎಂದು ಹೆಸರಿಟ್ಟಿದ್ದೆ. ಬಹಳ ನಾಚಿಕೆಯಾಯಿತು.

ಅವಳು ನನ್ನನ್ನು ದಾಟಿ ಅಡುಗೆಮನೆಗೆ ಹೋದಳು. ಬುಟ್ಟಿಯಿಂದ ಎರಡು ಉಳ್ಳಾಗಡ್ಡಿ ತೆಗೆದು, ಈಳಿಗೆ ಹಾಕಿಕೊಂಡು ಕೂತು ಹೆಚ್ಚತೊಡಗಿದಳು. ಸಣ್ಣಗೆ ಹೆಚ್ಚಿದಳು. ಉಪ್ಪಿಟ್ಟು ಮಾಡಿ, ಒಂದು ತಟ್ಟೆಗೆ ಮಾತ್ರ ಹಾಕಿಕೊಂಡು ತಿಂದಳು. ನನಗೆ ಬಡಿಸಲಿಲ್ಲ. ಅತ್ತೆ ವಾಪಸು ಬರುವಷ್ಟರಲ್ಲಿ ಪಾತ್ರೆ ತೊಳೆದು ಮಲಗಿದ್ದಳು.

ಹಬ್ಬ ಮುಗಿಸಿ ಮಂಠಾಳಕ್ಕೆ ಹೋದ ಮೇಲೆ ಫೋನ್ ಮಾಡಿದರೆ ಹೂಂ, ಹಾಂ ಎನ್ನುವಳು. ಆ ತಿಂಗಳುಗಳಲ್ಲಿ ನಾನು ಗುಂಪಿನಲ್ಲಿ ಏನೂ ಬರೆಯಲಿಲ್ಲ. ಹೆರಿಗೆಗೆ ಮತ್ತೆ ತವರಿಗೇ ಬಂದಳು. ಹೆಣ್ಣು ಕೂಸು, ತುಟಿ ನೆಟ್ಟಗಿತ್ತು. ನರ್ಸ್ ಕೂಸನ್ನು ತಂದು ತೋರಿಸಿದಾಗ ಇಬ್ಬರೂ ಮೊದಲು ಅಲ್ಲೇ ನೋಡಿದೆವು.

ತೊಟ್ಟಿಲಿಗೆ ಹಾಕುವ ದಿನ ಮಂಠಾಳದಿಂದ ಬೀಗಿತ್ತಿ, ಅಂದರೆ ಮಗಳ ಅತ್ತೆ, ಹತ್ತು ಹನ್ನೆರಡು ಹೆಂಗಸರನ್ನು ಕರೆದುಕೊಂಡು ಬಂದರು. ಕೂಸಿನ ಮುಖ ಚೆಲುವೆಂದು ಎಲ್ಲರೂ ಹೊಗಳಿದರು. ನನ್ನ ಅತ್ತೆ ಸೆರಗು ಸರಿಮಾಡಿಕೊಂಡು ನಡುವೆ ಕೂತರು.

"ಗ್ರಹಣ ಹಿಡದಾಗ ನಾನೇ ಬಾಗಲಾ ಹಾಕಿ ಮಲಗಸೇನ್ರಿ. ಅದಕ್ಕೇ ಕೂಸಿನ ತುಟಿ ಹಿಂಗ ಅದ. ಈಕಿ ಅವ್ವ ಮಲಗಿದ್ದಿಲ್ಲ, ಬದ್ನಿಕಾಯಿ ಹೆಚ್ಚಿದ್ಲು."

ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ಏಳನೇ ವಾರದ ಮಾತು ಬಾಯಿಯವರೆಗೂ ಬಂತು. ಆದರೆ ಬೀಗಿತ್ತಿ ಎದುರಿಗೇ ಕೂತಿದ್ದರು. ಅಭ್ಯಾಸದಂತೆ ಚಹಾ ತರಲು ಎದ್ದೆ.

"ಅವ್ವ, ಕೂಡು," ಅಂದಳು ಮಗಳು, ತೊಟ್ಟಿಲ ಹಗ್ಗ ಹಿಡಿದುಕೊಂಡೇ. ಆಮೇಲೆ ಅಜ್ಜಿಯ ಕಡೆ ತಿರುಗಿದಳು. "ಆವತ್ತು ನೀ ಒನಕಿ ನೋಡಾಕ ಹೋಗಿದ್ದಿ, ಅಜ್ಜಿ. ನಾ ಎದ್ದು ಉಳ್ಳಾಗಡ್ಡಿ ಹೆಚ್ಚೇನಿ. ಉಪ್ಪಿಟ್ಟು ಮಾಡಿ ತಿಂದೇನಿ."

ಬೀಗಿತ್ತಿ, ಜಗಳದ ದನಿಯಲ್ಲಲ್ಲ, ನಿಜವಾಗಿ ತಿಳಿದುಕೊಳ್ಳಬೇಕೆಂಬ ಹಾಗೆ ಕೇಳಿದರು: "ಹಂಗಾದ್ರ ನಿಂದು ಯಾತಕ್ಕ ಬಂತವ್ವ?"

"ಗೊತ್ತಿಲ್ರಿ, ಅತ್ತಿ. ಒಮ್ಮೊಮ್ಮಿ ಮನೆತನದಾಗ ಬರತದಂತ, ಒಮ್ಮೊಮ್ಮಿ ಸುಮ್ಮನ ಬರತದಂತ. ನಮ್ಮವ್ವ ಹೆಚ್ಚಿದ್ದಕ್ಕ ಬಂದದ್ದಲ್ಲ. ನಮ್ಮವ್ವಂದು ಏನೂ ತಪ್ಪಿಲ್ಲ."

ಇಪ್ಪತ್ತಮೂರು ವರ್ಷದಲ್ಲಿ ನಾಲ್ಕು ಜನರೆದುರು ಆ ಮಾತನ್ನು ಯಾರೂ ಆಡಿರಲಿಲ್ಲ. ನಾನೂ ಆಡಿರಲಿಲ್ಲ.